ಗುಣಪಾಲಣ್ಣನ ಕಿವಿ

ಕಾರ್ಕಳದಿಂದ ಹೆಬ್ರಿಗೆ ಹೋಗುವ ರಸ್ತೆಯ ಬದಿಗೆ ಗುಣಪಾಲನ ಗ್ಯಾರೇಜು, ಹಿಂದೆಯೇ ಮನೆ. ಬೋರ್ಡು ಇಲ್ಲ. ಗಿರಾಕಿ ಬಾರದವರು ಬೋರ್ಡು ಹಾಕುತ್ತಾರೆ ಎಂಬುದು ಅವನ ಸಿದ್ಧಾಂತ. ಕಂಪೆನಿಯವರು ಎಂದೋ ಕೈಬಿಟ್ಟ, ಈಗ ಮಣಿಪಾಲದ ಮೇಷ್ಟರುಗಳಿಂದ ಹಿಡಿದು ಕಾಪುವಿನ ಮೀನಿನ ಏಜೆಂಟರವರೆಗೆ ಎಲ್ಲರಿಗೂ ಒಮ್ಮೆಲೇ ಬೇಕಾಗಿಬಿಟ್ಟಿರುವ, ಗುಡ್ಡ ಹತ್ತುವ ಹಳೆಯ ಬೈಕುಗಳು ಕೊನೆಗೆ ಅಲ್ಲಿಗೇ ಬರುತ್ತವೆ. ಎಲ್ಲರ ದೂರು ಒಂದೇ.

"ಗುಣಪಾಲಣ್ಣ, ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಇಂಜಿನ್ ಏಳುವುದಿಲ್ಲ. ಸ್ವಲ್ಪ ಆಲೋಚನೆ ಮಾಡ್ತದೆ."

"ನಿಮ್ಮ ಹಾಗೆ ಆಲೋಚನೆಯೇ ಇಲ್ಲದೆ ಓಡಬೇಕಾ?" ಎಂದು ಕೇಳಿ ಅವನು ಬೈಕನ್ನು ಒಳಗೆ ತಳ್ಳುತ್ತಿದ್ದ.

ಮದ್ದು ಅವನಿಗೆ ಗೊತ್ತಿತ್ತು. ಕಾರ್ಬ್ಯುರೇಟರಿನ ಜೆಟ್ ಬದಲಿಸುವುದು, ಹಿಂದಿನ ಚಕ್ರದ ಹಲ್ಲುಗಾಲಿ ಬದಲಿಸುವುದು ಎಲ್ಲ ಮೇಲುಮೇಲಿನ ಉಪಚಾರ. ನಿಜವಾದ ಆಲಸ್ಯ ಇಂಜಿನ್ನಿನ ಪಕ್ಕದಲ್ಲಿ ತಿರುಗುವ ಫ್ಲೈವೀಲ್ ಎಂಬ ಭಾರದ ಕಬ್ಬಿಣದ ಚಕ್ರದಲ್ಲಿರುತ್ತದೆ. ಅದನ್ನು ಕಬ್ಬಿಣ ಕಡೆಯುವ ಲೇತಿಗೆ ಕಟ್ಟಿ ಅಂಚಿನಿಂದ ಒಂದಿಷ್ಟು ತೂಕ ಇಳಿಸಿದರೆ ಇಂಜಿನ್ ಕೈಯ ಜೊತೆಗೇ ಏಳುತ್ತದೆ. ಆದರೆ ಗಿರಾಕಿಯ ಸ್ವಂತ ಚಕ್ರವನ್ನು ಗುಣಪಾಲ ಮುಟ್ಟುತ್ತಿರಲಿಲ್ಲ. ಗುಜರಿಯಿಂದ ಅದೇ ಜಾತಿಯ ಇನ್ನೊಂದನ್ನು ತಂದು ಸವೆಸಿ ಕೂಡಿಸುತ್ತಿದ್ದ. ಮೂಲದ್ದನ್ನು ಹೆಸರು ಬರೆದ ತಗಡಿನ ಚೀಟಿ ಕಟ್ಟಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದ. ಗಿರಾಕಿಗೆ ಬುದ್ಧಿ ಬಂದಾಗ ತಿರುಗಿ ಹಾಕಲಿಕ್ಕೆ ಬೇಕಲ್ಲ! ಯಾರಿಗೂ ಇದುವರೆಗೆ ಬಂದಿರಲಿಲ್ಲ.

ಗುಜರಿ ಕಬ್ಬಿಣದಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ನಿಮಿಷಕ್ಕೆ ಎಂಟೊಂಬತ್ತು ಸಾವಿರ ಸುತ್ತು ತಿರುಗುವಾಗ ಬಿರುಕು ಬಿಟ್ಟರೆ, ಚಕ್ರ ಹೋಳಾಗಿ ಕವಚ ಒಡೆದುಕೊಂಡು ನೇರ ಸವಾರನ ಎಡಗಾಲಿಗೆ ಬರುತ್ತದೆ. ಹಾಗಾಗಿ ಗುಣಪಾಲನದ್ದು ಒಂದು ಪರೀಕ್ಷೆ. ಚಕ್ರವನ್ನು ತಂತಿಯಲ್ಲಿ ತೂಗುಹಾಕಿ ಸ್ಪ್ಯಾನರಿನಿಂದ ಮೆಲ್ಲಗೆ ಹೊಡೆಯುವುದು. ಗಟ್ಟಿ ಚಕ್ರ ಗಂಟೆಯ ಹಾಗೆ ಬಹಳ ಹೊತ್ತು ಮೊಳಗುತ್ತದೆ. ಬಿರುಕಿದ್ದರೆ ಒಂದು ಸಲ 'ಟಪ್' ಎಂದು ಸುಮ್ಮನಾಗುತ್ತದೆ. ಆ ಕಿವಿಗಾಗಿಯೇ ಜನ ಉಡುಪಿಯ ನಾಲ್ಕು ಗ್ಯಾರೇಜು ದಾಟಿ ಇವನಲ್ಲಿಗೆ ಬರುತ್ತಿದ್ದರು.

ಆ ಕಿವಿ ಕಳೆದ ಮಳೆಗಾಲದ ಹೊತ್ತಿಗೆ ಹೋಗಿತ್ತು.

ಮೂವತ್ತೈದು ವರ್ಷ ಸೈಲೆನ್ಸರುಗಳ ಬಾಯಿಗೆ ತಲೆ ಕೊಟ್ಟದ್ದರ ಫಲ. ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಗೆ ಎತ್ತರದ ಸಣ್ಣ ಸ್ವರಗಳು ಕೇಳಿಸುತ್ತಿರಲಿಲ್ಲ. ಕುಕ್ಕರಿನ ಸೀಟಿ ಕೇಳಿಸದ ದಿನ ಅವನಿಗೆ ಗೊತ್ತಾಯಿತು, ಯಾರಿಗೂ ಹೇಳಲಿಲ್ಲ. ಹೆಂಡತಿ ವಸಂತಿಗೂ ಸಂಶಯ ಬರಲಿಲ್ಲ. ಮನೆಯ ಮಾತು ಕೇಳಿಸದಿರುವುದು ಗಂಡಸರ ಹಳೆಯ ಕಾಯಿಲೆ ಎಂದೇ ಅವಳು ತಿಳಿದಿದ್ದಳು.

ಪರೀಕ್ಷೆ ಮಾತ್ರ ನಿಲ್ಲಲಿಲ್ಲ. ಹೊಡೆದು, ಕಣ್ಣು ಸಣ್ಣ ಮಾಡಿ, ಗಿರಾಕಿಯ ಮುಖ ನೋಡುತ್ತಿದ್ದ. ಗಿರಾಕಿಗೆ ಚಕ್ರದ ಸ್ವರ ತಿಳಿಯದು, ಅವನು ಗುಣಪಾಲನ ಮುಖ ನೋಡುತ್ತಿದ್ದ. ಹೀಗೆ ಇಬ್ಬರೂ ಒಬ್ಬರ ಮುಖ ಇನ್ನೊಬ್ಬರು ನೋಡಿ, ಚಕ್ರ ಒಳ್ಳೆಯದುಂಟು ಎಂದು ತೀರ್ಮಾನಿಸುತ್ತಿದ್ದರು.

ಶನಿವಾರ ಡೆನ್ವರ್ ಬಂದಾಗಲೂ ಹಾಗೆಯೇ ಆಯಿತು. ಉಡುಪಿಯಲ್ಲಿ ಕೇಟರಿಂಗ್ ಮಾಡುವ ಈ ದಪ್ಪ ಮನುಷ್ಯನಿಗೆ ಭಾನುವಾರ ಹೆಬ್ರಿಯ ಕಡೆಯ ಗುಡ್ಡ ಹತ್ತುವ ಹುಚ್ಚು. ಗುಣಪಾಲ ಚಕ್ರಕ್ಕೆ ಹೊಡೆದ. ಡೆನ್ವರ್ ನಕ್ಕ.

"ಎಂತ ಗುಣಪಾಲಣ್ಣ, ಇಗರ್ಜಿ ಗಂಟೆ ಬಾರಿಸುವುದಾ?"

"ಹೂಂ. ಕೂಡಿಸಿಕೊಡ್ತೇನೆ."

ಭಾನುವಾರ ಮಧ್ಯಾಹ್ನ ವಸಂತಿ ಗಂಜಿಗೆಂದು ಹೊಸ ಮಣ್ಣಿನ ಮಡಕೆ ತಂದಳು. ಜಗಲಿಯಲ್ಲಿ ಕುಳಿತು ಬೆರಳ ಗೆಣ್ಣಿನಿಂದ ಅದಕ್ಕೆ ಬಡಿದಳು. ಅಂಗಡಿಯಲ್ಲಿ ಬಡಿದು ತಂದದ್ದನ್ನು ಮನೆಯಲ್ಲಿ ಇನ್ನೊಮ್ಮೆ ಬಡಿಯದಿದ್ದರೆ ಅವಳಿಗೆ ಸಮಾಧಾನವಿಲ್ಲ.

"ಇದು ಸರಿ ಉಂಟು," ಎಂದು ಊಟಕ್ಕೆ ಕುಳಿತಿದ್ದ ಗಂಡನ ಎಡಬದಿಗೆ ಬಂದು ಹೇಳಿದಳು. "ನಿನ್ನೆ ನೀವು ಆ ಡೆನ್ವರನ ಚಕ್ರಕ್ಕೆ ಹೊಡೆದ್ರಲ್ಲ, ಅದು ಮಾತ್ರ ಒಡೆದ ಮಡಕೆ ಹಾಗೇ ಇತ್ತು ಮಾರಾಯ್ರೆ. ಬಟ್ಟೆ ಒಣಗಿಸ್ತಾ ಕೇಳಿದೆ. ಕಬ್ಬಿಣದ್ದು ಹಾಗೇ ಇರ್ತದಾ?"

ಗುಣಪಾಲನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ.

"ನಿನ್ನೆಯೇ ಯಾಕೆ ಹೇಳ್ಲಿಲ್ಲ?"

"ನಿಮ್ಮ ಕಿವಿಗಿಂತ ನನ್ನದು ದೊಡ್ಡದಾ? ಗಿರಾಕಿ ಎದುರು ಬಾಯಿ ಹಾಕಿದ್ರೆ ಬಿಡ್ತಿದ್ರಾ ನೀವು?"

ಅವನು ಎಂಜಲು ಕೈಯಲ್ಲೇ ಫೋನು ಒತ್ತಿದ. ಮೂರನೆಯ ಸಲಕ್ಕೆ ಡೆನ್ವರ್ ಸಿಕ್ಕಿದ. ಹೆಬ್ರಿ ದಾಟಿ ಗುಡ್ಡದ ಬುಡದಲ್ಲಿದ್ದ.

"ಗುಣಪಾಲಣ್ಣ! ನಿಮ್ಮ ಕೈಗೆ ಬಂಗಾರ ಹಾಕ್ಬೇಕು! ಮುಟ್ಟಿದ್ರೆ ಏಳ್ತದೆ! ಈಗ ಮೇಲೆ ಹತ್ತುವುದೇ. ಸ್ವಲ್ಪ ಕೇಳಿ, ಎಂಥ ಸ್ವರ ನೋಡಿ!"

ಫೋನನ್ನು ಇಂಜಿನ್ನಿಗೆ ಹಿಡಿದು ಅವನು ಕೈ ತಿರುಗಿಸಿದ. ಗುಣಪಾಲನಿಗೆ ಕೇಳಿಸಿದ್ದು ದೂರದ ಗಾಳಿಯಂಥ ಒಂದು ಗೊರಗೊರ. "ನಿಲ್ಲಿಸು! ಡೆನ್ವರಾ, ನಿಲ್ಲಿಸು!" ಎಂದು ಕೂಗಿದ. ಆ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು? ನಿಲ್ಲಿಸಿದನೋ ಇಲ್ಲವೋ ಎಂಬುದೂ ಇವನಿಗೆ ತಿಳಿಯಲಿಲ್ಲ. ಹೆಂಡತಿಯ ಕಿವಿಗೆ ಫೋನು ಒತ್ತಿದ.

"ಎಂತ ಕೇಳ್ತದೆ? ಹೇಳು, ನನಗೆ ಕೇಳುವುದಿಲ್ಲ. ಮಳೆಗಾಲದಿಂದ ಕೇಳುವುದಿಲ್ಲ."

ವಸಂತಿ ಅವನನ್ನು ಒಂದು ಗಳಿಗೆ ನೋಡಿದಳು. ಅಷ್ಟರಲ್ಲಿ ಆ ಕಡೆ ಸದ್ದು ತಗ್ಗಿತು.

"ಡೆನ್ವರಾ, ನಾನು ವಸಂತಿಯಕ್ಕ. ಇಂಜಿನ್ ಬಂದ್ ಮಾಡು. ಒಳಗೆ ಟಕಟಕ ಕೇಳ್ತಾ ಉಂಟು. ಬೈಕಿನಿಂದ ಇಳಿ. ತಮಾಷೆ ಅಲ್ಲ, ಇಳಿ ಮಾರಾಯ!"

ಸಂಜೆ ಐದಕ್ಕೆ ಬೈಕು, ಡೆನ್ವರ್ ತರಿಸಿಕೊಂಡ ಕೇಟರಿಂಗ್ ಪಿಕಪ್ಪಿನಲ್ಲಿ ಮಲಗಿಕೊಂಡು ಬಂತು. ಡೆನ್ವರ್ ಮುಖ ಊದಿಸಿಕೊಂಡಿದ್ದ. ಗುಣಪಾಲ ಕವಚ ಬಿಚ್ಚಿ ಚಕ್ರವನ್ನು ಎಳೆದು ಬೆಳಕಿಗೆ ಹಿಡಿದ. ನಡುವಿನ ತೂತಿನಿಂದ ಹೊರಟ ಕೂದಲಿನಂಥ ಕಪ್ಪು ಗೆರೆ ಅಂಚಿಗೆ ಅರ್ಧ ಬೆರಳು ಉಳಿಸಿ ನಿಂತಿತ್ತು. ಇನ್ನೊಂದು ಗುಡ್ಡ ಸಾಕಿತ್ತು. ಡೆನ್ವರ್ ತನ್ನ ಎಡಗಾಲನ್ನು ಒಮ್ಮೆ ನೋಡಿಕೊಂಡು ಸ್ಟೂಲಿನ ಮೇಲೆ ಕುಳಿತ.

"ದೇವರು ದೊಡ್ಡವ," ಎಂದಳು ವಸಂತಿ.

ಗುಣಪಾಲ ಗೋಡೆ ನೋಡುತ್ತಿದ್ದ. ಮೊಳೆಗಳಲ್ಲಿ ಸಾಲಾಗಿ ಮೂಲ ಚಕ್ರಗಳು, ಪ್ರತಿಯೊಂದಕ್ಕೂ ಚೀಟಿ. ಡೆನ್ವರನದ್ದನ್ನು ಬಿಟ್ಟರೆ ಮಳೆಗಾಲದ ನಂತರದವು ಮೂರು. ಮೂರಕ್ಕೂ ಅವನೇ ಹೊಡೆದಿದ್ದ, ಮೂರು ಮುಖ ನೋಡಿ ತಲೆ ಆಡಿಸಿದ್ದ.

ಮೊದಲನೆಯದು ಮಣಿಪಾಲದ ಮೇಷ್ಟರದ್ದು. ವಸಂತಿಯಿಂದ ಫೋನಿನಲ್ಲಿ ವಿಷಯ ಕೇಳಿ ಅವರು ಬೈದರು. ಬೈದವರು ಬದುಕಿದ್ದಾರಲ್ಲ ಎಂದು ಗುಣಪಾಲನಿಗೆ ಸಮಾಧಾನವೇ ಆಯಿತು. ಎರಡನೆಯದು ಅಲೆವೂರಿನ ನಿಖಿತಾಳದ್ದು. ಅವಳ ಬೈಕಿನ ಕೀಲಿಯನ್ನು ತಾಯಿ ತಿಂಗಳ ಹಿಂದೆಯೇ ಅಡಗಿಸಿಟ್ಟಿದ್ದರು.

ಮೂರನೆಯ ಚೀಟಿ ಇನ್ನಂಜೆಯ ವಿಜಯೀಂದ್ರ ಭಟ್ಟರದ್ದು. ಪೂಜೆಗೆ ಹೋಗುವ ಪುರೋಹಿತ. ಮಂತ್ರ ಹೇಳುವಾಗಲೂ ಬಲಗೈ ಆಕ್ಸಿಲರೇಟರ್ ತಿರುಗಿಸುತ್ತಿರುತ್ತದೆ ಎಂದು ಜನ ನಗುತ್ತಿದ್ದರು. ಭಾನುವಾರ ಸಂಜೆ ಪೂಜೆ ಮುಗಿಸಿ, ಪಂಚೆ ಕಳಚಿ ಪ್ಯಾಂಟು ಹಾಕಿ, ಯಾವುದಾದರೂ ಗುಡ್ಡಕ್ಕೆ ಬೈಕು ಹತ್ತಿಸುವುದು ಅವರ ಪದ್ಧತಿ.

ಗುಣಪಾಲ ನಂಬರು ಒತ್ತಿ ಫೋನನ್ನು ವಸಂತಿಗೆ ಕೊಟ್ಟ. ಅವಳ ಮುಖವನ್ನೇ ನೋಡುತ್ತ ನಿಂತ, ಗಿರಾಕಿಗಳ ಮುಖ ನೋಡುತ್ತಿದ್ದ ಹಾಗೆ.

"ರಿಂಗ್ ಆಗ್ತಾ ಉಂಟು," ಎಂದಳು.

ಸ್ವಲ್ಪ ಹೊತ್ತಿನ ಮೇಲೆ, "ತೆಗೀತಾ ಇಲ್ಲ."

"ಇನ್ನೊಮ್ಮೆ ಮಾಡು."

ಅವಳು ಮಾಡಿದಳು. ಡೆನ್ವರ್ ಸ್ಟೂಲಿನಿಂದ ಎದ್ದು, ಪಿಕಪ್ಪಿನ ಕೀಲಿಗಾಗಿ ಕಿಸೆ ಮುಟ್ಟಿ ನೋಡಿಕೊಂಡ.

"ಈಗಲೂ ರಿಂಗ್ ಆಗ್ತಾ ಉಂಟು," ಎಂದಳು ವಸಂತಿ.