ಫಕ್ಕೀರಪ್ಪಜ್ಜ ಎರಡು ಸಲ ಹೊಲಿದ ಬೂಟು

ಫಕ್ಕೀರಪ್ಪಜ್ಜ ಬೂಟು ನೋಡುತ್ತಿದ್ದದ್ದು ಕಣ್ಣು ಮುಚ್ಚಿಕೊಂಡು. ಒಳಗೆ ಕೈ ತೂರಿಸಿ, ಆಕಳ ಹೊಟ್ಟೆಯ ಕರು ತಡವುವ ದನದ ಡಾಕ್ಟರರ ಹಾಗೆ ಸುಮ್ಮನೆ ಕೂತುಬಿಡುತ್ತಿದ್ದ. ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನೆದುರು ಬೇವಿನ ಗಿಡದ ಕೆಳಗೆ ಚಪ್ಪಲಿ ಹೊಲಿಯುತ್ತಿದ್ದ ಈ ಅಜ್ಜನ ಹತ್ತಿರ ನಾನು ಬ್ಯಾಡಗಿಯಿಂದ ಬರುತ್ತಿದ್ದದ್ದು ನನ್ನ ಎಡಗಾಲಿಗಾಗಿ. ಅದು ಬಲಗಾಲಿಗಿಂತ ಒಂದು ಇಂಚು ಗಿಡ್ಡ. ಎಡಗಾಲಿನ ಚಪ್ಪಲಿಗೆ ರಬ್ಬರಿನ ಅಡಿ ಏರಿಸಿ ಕೊಡುತ್ತಿದ್ದ. ಮೊದಲ ಸಲ ಅವನು ಆ ಪಾದ ಮುಟ್ಟಿದಾಗ ಹಿಂದಕ್ಕೆಳೆದುಕೊಂಡಿದ್ದೆ.

"ಯಾಕ ಯವ್ವಾ, ನಾಚಾಕ ಕಾಲು ಏನರ ಕಳವು ಮಾಡೈತೇನು?" ಅಂದಿದ್ದ.

ನಾನು ಸಾಲಿ ಕಲಿಸುವಾಕೆ. ಹೊಸ ಮಕ್ಕಳ ಕಣ್ಣು ಮೊದಲು ಆ ದಪ್ಪ ಅಡಿಗೇ ಬೀಳುತ್ತಿತ್ತು. ನನ್ನ ಎರಡೂ ಕಾಲು ಒಂದೇ ಥರ ಕಾಣಬೇಕೆಂಬ ಆಸೆ ಒಳಗೇ ಇತ್ತು. ಹಾವೇರಿಯ ಅಂಗಡಿಯೊಂದರಲ್ಲಿ, ಹಳೆಯ ಕಾಲದ ಆಟಗಾರರು ಹಾಕುತ್ತಿದ್ದಂಥ, ಕಣಕಾಲು ಮುಚ್ಚುವ ಬಿಳಿ ಬೂಟು ಕಂಡೆ. ಬೆಲೆ ನನ್ನ ಅರ್ಧ ಪಗಾರ. ಅಂಗಡಿಯವನಿಗೆ ದುಂಬಾಲು ಬಿದ್ದು, ಅಜ್ಜನಿಗೆ ತೋರಿಸಲು ತಂದೆ.

"ಇಷ್ಟು ರೊಕ್ಕ ಹಾಕಿ ತಗೊಳ್ಳಲೇನಜ್ಜಾ?"

ಅಡಿಯ ಸುತ್ತ ಉಗುರಾಡಿಸಿದ. "ಬರೇ ಅಂಟು ಹಚ್ಚಿದ್ರ ಬ್ಯಾಡಂತಿದ್ದೆ. ಇದಕ್ಕ ಹೊಲಿಗಿ ಐತಿ. ಹೊಲದದ್ದನ್ನ ಬಿಚ್ಚಾಕ ಬರತೈತಿ, ಅಂಟಿಸಿದ್ದನ್ನ ಹರಿಯಾಕಷ್ಟ. ಅಡಿ ಬಿಚ್ಚಿ ಎಡದ್ದರಾಗ ರಬ್ಬರಿನ ಪದರ ಒಳಗ ಕೂಡಸ್ತೀನಿ. ಕಣಕಾಲತನಕ ಏರೈತಿ, ಹಿಮ್ಮಡ ಜಾರಂಗಿಲ್ಲ. ಮಂದಿಗೆ ಏನೂ ಕಾಣಂಗಿಲ್ಲ. ತಗೋ."

ಕೊಂಡು, ಅವನ ಕೈಗೆ ಕೊಟ್ಟು ಬಂದೆ. ವಾರ ಬಿಟ್ಟು ಹೋದರೆ ಎರಡನ್ನೂ ಒರೆಸಿ ಇಟ್ಟಿದ್ದ. ಹಾಕಿಕೊಂಡು ಎದ್ದು ನಿಂತ ಕೂಡಲೇ ಗೊತ್ತಾಯಿತು: ಪದರ ಕೂತಿದ್ದು ಬಲಗಾಲಿನ ಬೂಟಿನಲ್ಲಿ. ಹನ್ನೆರಡು ವರ್ಷ ನನ್ನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮನುಷ್ಯ!

"ಭಾಳ ಚಲೋ ಆಗ್ಯಾವಜ್ಜಾ," ಅನ್ನುತ್ತ ಲಗೂ ಬಿಚ್ಚತೊಡಗಿದೆ.

"ತಡಿ. ನಡದ ತೋರಸು."

ನಾಲ್ಕು ಹೆಜ್ಜೆ ಇಟ್ಟೆ. ಸಪ್ಪಳ ಕೇಳಿಯೇ ಅವನ ಮುಖ ಇಳಿಯಿತು.

"ಸುಳ್ಳ ಯಾಕ ಹೇಳಿದಿ?"

"ನಿನಗ ಬ್ಯಾಸರಾದೀತಂತ."

"ಬ್ಯಾಸರ ನನಗಿರಲಿ, ಕುಂಟಾಕಿ ನೀನು. ಬಿಚ್ಚು ಎರಡೂನೂ."

ಬಲದ್ದನ್ನು ಬಿಚ್ಚಿದ, ಪದರ ತೆಗೆದು ಎಡದ್ದರಲ್ಲಿ ಕೂಡಿಸಿದ. ಬ್ಯಾಡಗಿಯ ಬಸ್ಸು ಎರಡು ಹೋದವು. ಸೂಜಿಗೆ ದಾರ ಹೋಗಲೊಲ್ಲದು. ನಾಲಿಗೆಗೆ ಹಚ್ಚಿ ಹಚ್ಚಿ, ಕೊನೆಗೆ ನನ್ನ ಕಡೆ ಚಾಚಿದ. ಪೋಣಿಸಿ ಕೊಟ್ಟೆ. ಎರಡನ್ನೂ ಹೊಲಿದ. ನಾನು ಮತ್ತೆ ನಡೆದು ತೋರಿಸಿದಾಗ ಹೂಂ ಅಂದನಷ್ಟೆ.

ಅದರ ಮರುದಿನದಿಂದ ಆತ ಅಲ್ಲಿ ಕೂರಲೇ ಇಲ್ಲವಂತೆ. ಎರಡು ತಿಂಗಳಿಗೆ ತೀರಿಕೊಂಡನೆಂದು ಪಕ್ಕದ ಹಣ್ಣಿನವಳು ಹೇಳಿದಳು.

ಆ ಬೂಟನ್ನೇ ಹಾಕಿಕೊಂಡು ಸಾಲಿಗೆ ಹೋಗುತ್ತೇನೆ. ಈ ವರ್ಷ ಬಂದ ಮಕ್ಕಳಿಗೆ ನನ್ನ ಕಾಲಿನ ಸುದ್ದಿಯೇ ಗೊತ್ತಿಲ್ಲ. ಬಲಗಾಲಿನ ಬೂಟಿಗೆ ಮಾತ್ರ ಅಜ್ಜ ಮೊದಲು ಹೊಲಿದು ಬಿಚ್ಚಿದ ಸೂಜಿತೂತುಗಳ ಸಾಲು ಉಳಿದಿದೆ. ಮಳೆ ಬಂದರೆ ಒಳಗೆ ನೀರು. ಮೊನ್ನೆ ಬ್ಯಾಡಗಿಯ ರಿಪೇರಿಯವನು, "ಮೇಣ ತುಂಬಿ ಮುಚ್ಚಿಬಿಡ್ಲೇನ್ರಿ ಟೀಚರ?" ಎಂದು ಕೇಳಿದ.

ಬೇಡ ಅಂದೆ.