ಹೋತ ಒಪ್ಪಿತಂತೆ!

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಹೆಸರಿಲ್ಲದ ಒಂದು ಹೋತವಿತ್ತು. ಹೋತ ಎಂದರೆ ಗಂಡು ಆಡು. ದನಗಳಿಗೆ ಹೆಸರಿತ್ತು, ನಾಯಿಗೆ ಹೆಸರಿತ್ತು, ಹಾಲು ಕದ್ದು ಕುಡಿಯುವ ಬೆಕ್ಕಿಗೂ ಅಕ್ಕ ಒಂದು ಹೆಸರಿಟ್ಟಿದ್ದಳು. ಈ ಮರಿಗೆ ಮಾತ್ರ ಹೆಸರಿಡಬಾರದು ಎಂದು ಅಮ್ಮ ಮೊದಲ ದಿನವೇ ಹೇಳಿಬಿಟ್ಟಳು. ಅದು ಹರಕೆಯ ಮರಿ. ಹಾಗಾಗಿ ನಾನು ಅದನ್ನು ಬರೀ 'ಬಾ' ಎಂದು ಕರೆಯುತ್ತಿದ್ದೆ. ತನ್ನ ಹೆಸರೇ 'ಬಾ' ಎಂದು ಅದು ತಿಳಿದುಕೊಂಡಿರಬೇಕು. ಎಲ್ಲಿದ್ದರೂ ಓಡಿ ಬರುತ್ತಿತ್ತು.

ಹರಕೆ ನನ್ನ ಹೆಸರಿನದೇ. ಅದರ ಹಿಂದಿನ ವರ್ಷ ನನಗೆ ಟೈಫಾಯ್ಡ್ ಬಂದಿತ್ತು. ಆಲ್ದೂರಿನಿಂದ ಒಳಗಿದ್ದ ನಮ್ಮ ಕಾಫಿ ತೋಟದಿಂದ ಚಿಕ್ಕಮಗಳೂರಿನ ಆಸ್ಪತ್ರೆಗೆ ಅಪ್ಪ ನನ್ನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿದ್ದರು. ತಲೆಗೂದಲೆಲ್ಲ ಉದುರಿಹೋಗಿತ್ತು. ಮಗು ಉಳಿದರೆ ಒಂದು ಹೋತ ಕೊಡುತ್ತೇನೆ ಎಂದು ಅಪ್ಪ ತೋಟದ ಚೌಡಿಗೆ ಹೇಳಿಕೊಂಡರು. ತೋಟ ಕಾಯುವ ದೇವರು ಅವಳು. ಗುಡ್ಡದ ತುದಿಯ ಹಲಸಿನ ಮರದ ಕೆಳಗೆ, ಕುಂಕುಮ ಮೆತ್ತಿದ ಒಂದು ಕಲ್ಲು. ನಾನು ಉಳಿದೆ. ಡಾಕ್ಟರಿಗೆ ಒಂದು ಗೊನೆ ಬಾಳೆಹಣ್ಣು ಹೋಯಿತು, ಚೌಡಿಗೆಂದು ಸಂತೆಯಿಂದ ಮರಿ ಬಂತು.

ಕಪ್ಪು ಮೈ, ಹಣೆಯ ನಡುವೆ ನಾಮದಂಥ ಬಿಳಿ ಪಟ್ಟೆ. ಅಂಗೈಯಲ್ಲಿ ಉಪ್ಪು ಹಿಡಿದರೆ ಒರಟು ನಾಲಗೆಯಿಂದ ನೆಕ್ಕುತ್ತಿತ್ತು. ಬಾಯಿಂದ ಹಲಸಿನ ಎಲೆಯ ವಾಸನೆ ಬರುತ್ತಿತ್ತು. ನಾನು ಜ್ವರದಿಂದ ಎದ್ದು ಕಾಲು ಗಟ್ಟಿ ಮಾಡಿಕೊಳ್ಳುತ್ತಿದ್ದ ಕಾಲ ಅದು. ಅದೂ ಪುಟ್ಟದು, ನಾನೂ ನಿಶ್ಶಕ್ತಳು. ಇಬ್ಬರೂ ಕಾಫಿ ಒಣಗಿಸುವ ಕಣದಲ್ಲಿ ಎಡವಿಕೊಂಡು ಓಡಾಡುತ್ತ ಬಲಿತೆವು.

ಇನ್ನೊಂದು ಪದ್ಧತಿಯನ್ನು ನಿಮಗೆ ಹೇಳಲೇಬೇಕು. ಬಲಿ ಕೊಡುವ ಮೊದಲು ಹೋತದ ಬೆನ್ನಿನ ಮೇಲೆ ನೀರು ಹೊಯ್ಯುತ್ತಾರೆ. ಅದು ಮೈ ಕೊಡವಿದರೆ ಒಪ್ಪಿತು ಎಂದು ಅರ್ಥ. ಕೊಡವದಿದ್ದರೆ ಒಪ್ಪಲಿಲ್ಲ, ಮುಟ್ಟುವಂತಿಲ್ಲ. ಹಿಂದೆ ಯಾವಾಗಲೋ ಒಂದು ಹೋತ ಅಲುಗಾಡದೆ ನಿಂತಿತಂತೆ, ಅದನ್ನು ಹಾಗೇ ಬಿಟ್ಟುಬಿಟ್ಟರಂತೆ. ಇದನ್ನು ನನಗೆ ಹೇಳಿದ್ದು ದೊಡ್ಡಪ್ಪ. ಪ್ರತಿವರ್ಷ ಚೌಡಿಯ ಪೂಜೆ ಮಾಡುತ್ತಿದ್ದವರು ಅವರೇ. ದೊಡ್ಡವರ ಮಾತು, ಅದರಲ್ಲೂ ದೇವರ ವಿಷಯ. ನಾನು ಪೂರ್ತಿ ನಂಬಿದೆ.

ನಂಬಿದ ಮೇಲೆ ದಾರಿ ಸುಲಭವಾಗಿಯೇ ಕಂಡಿತು. ತಣ್ಣೀರು ಬಿದ್ದರೆ ಯಾವ ಪ್ರಾಣಿಯಾದರೂ ಮೈ ಕೊಡವುತ್ತದೆ. ಆದರೆ ಬಚ್ಚಲ ಹಂಡೆಯ ಬೆಚ್ಚನೆಯ ನೀರು ಹೊಯ್ದರೆ ನನ್ನ ಹೋತ ಕಣ್ಣು ಮುಚ್ಚಿ, ಕಿವಿ ಇಳಿಬಿಟ್ಟು, ಸುಖವಾಗಿ ನಿಂತುಬಿಡುತ್ತಿತ್ತು. ಅಮ್ಮ ನೋಡದಾಗ ನಾನು ಅದಕ್ಕೆ ಎಷ್ಟೋ ಸಲ ಸ್ನಾನ ಮಾಡಿಸಿದ್ದೆ.

ಕಾಫಿ ಕೊಯ್ಲು ಮುಗಿಯಿತು. ಪೂಜೆಯ ಬೆಳಿಗ್ಗೆ ಮೈ ಕೊರೆಯುವ ಚಳಿ. ಹರಕೆ ನನ್ನದಾದ್ದರಿಂದ ನೀರಿನ ಚೆಂಬನ್ನು ನಾನೇ ಹಿಡಿದುಕೊಂಡು ಹೋಗಬೇಕಿತ್ತು. ಅಕ್ಕ ಬಾವಿಯಿಂದ ತುಂಬಿಸಿಕೊಟ್ಟ ನೀರನ್ನು ಚೆಲ್ಲಿ, ಹಂಡೆಯ ನೀರು ತುಂಬಿಸಿಕೊಂಡೆ. ಶಾಲಿನೊಳಗೆ ಎದೆಗೆ ಅವಚಿಕೊಂಡು ಗುಡ್ಡ ಹತ್ತಿದೆ. ಹೋತವನ್ನು ಯಾರೂ ಎಳೆದುಕೊಂಡು ಬರಬೇಕಾಗಲಿಲ್ಲ. ನನ್ನ ಹಿಂದೆಯೇ ಬಂತು.

ಹಲಸಿನ ಮರದ ಕೆಳಗೆ ಆಗಲೇ ಕಲ್ಲು ಹೂಡಿ ದೊಡ್ಡ ಪಾತ್ರೆ ಏರಿಸಿದ್ದರು. ಮಸಾಲೆ ಅರೆದಾಗಿತ್ತು, ಈರುಳ್ಳಿ ಹೆಚ್ಚಿಯಾಗಿತ್ತು. ಹೋತದ ಒಪ್ಪಿಗೆ ಇನ್ನೂ ಕೇಳಿಯೇ ಇರಲಿಲ್ಲ! ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ದೊಡ್ಡಪ್ಪ ಚೆಂಬು ತೆಗೆದುಕೊಂಡು ನೀರು ಹೊಯ್ದರು. ಹೋತ ಕಣ್ಣು ಮುಚ್ಚಿತು. ಇನ್ನೊಮ್ಮೆ ಹೊಯ್ದರು. ಕಿವಿ ಇಳಿಬಿಟ್ಟು ಆರಾಮವಾಗಿ ನಿಂತಿತು. ಕತ್ತಿ ಹಿಡಿದು ನಿಂತಿದ್ದ ತೋಟದ ಮೇಸ್ತ್ರಿ ಮೆಲ್ಲಗೆ, "ಒಪ್ಪೂದಿಲ್ಲ ಅಂತದೆ ಅಯ್ಯಾ" ಎಂದ. ಅಪ್ಪನ ಮುಖ ಬಿಳಿಚಿಕೊಂಡಿತು. ನನಗೋ ಒಳಗೊಳಗೇ ಕುಣಿಯುವಷ್ಟು ಖುಷಿ. ಗೆದ್ದೆವು ಅಂದುಕೊಂಡೆ.

ದೊಡ್ಡಪ್ಪ ಚೆಂಬಿನೊಳಗೆ ಬೆರಳು ಅದ್ದಿದರು. ನನ್ನ ಕಡೆ ನೋಡಿದರು. ಅವರಿಗೆ ಗೊತ್ತಾಯಿತು. ಬೈಯಲೂ ಇಲ್ಲ, ಯಾರಿಗೂ ಹೇಳಲೂ ಇಲ್ಲ. ಹಳ್ಳದಿಂದ ಒಂದು ಕೊಡ ನೀರು ತರಿಸಿ, ಹೋತದ ಕಿವಿ ಹಿಡಿದು, ಆ ಕೊರೆಯುವ ನೀರನ್ನು ಕಿವಿಯೊಳಕ್ಕೇ ಸುರಿದರು. ಪಾಪದ ಪ್ರಾಣಿ ತಲೆಯಿಂದ ಬಾಲದವರೆಗೆ ಮೈ ಕೊಡವಿತು.

"ಒಪ್ತು! ಒಪ್ತು!" ಎಂದು ಎಲ್ಲರೂ ಕೈ ಮುಗಿದರು.

"ಕಿವಿಗೆ ನೀರು ಹೊಯ್ದ್ರೆ ನೀವೂ ಮೈ ಕೊಡವ್ತೀರಿ ದೊಡ್ಡಪ್ಪಾ!" ಎಂದು ನಾನು ಕಿರುಚಿದೆ.

"ಸುಮ್ನಿರು ಮಾರಾಯ್ತಿ, ಇದು ದೇವ್ರ ಕೆಲ್ಸ" ಎಂದರು ದೊಡ್ಡಪ್ಪ. ಅಮ್ಮ ನನ್ನ ಮುಖವನ್ನು ತನ್ನ ಸೆರಗಿನಲ್ಲಿ ಒತ್ತಿ ಹಿಡಿದಳು. ಹಾಗಾಗಿ ನಾನು ನೋಡಲಿಲ್ಲ, ಕೇಳಿಸಿತು ಅಷ್ಟೆ.

ಮಧ್ಯಾಹ್ನ ಎಲ್ಲರೂ ಬಾಳೆಲೆ ಹಾಕಿಕೊಂಡು ಕೂತರು. ಬೆಳ್ಳುಳ್ಳಿ, ಲವಂಗ, ಕಾಲುಗಳ ಸುಟ್ಟ ಕೂದಲಿನ ವಾಸನೆ. ಅದರಡಿಯಲ್ಲಿ, ನನಗೊಬ್ಬಳಿಗೇ ಎಂಬಂತೆ, ಹಲಸಿನ ಎಲೆಯ ವಾಸನೆ. ಮೇಸ್ತ್ರಿಯ ಉಗುರಿನ ಸಂದಿನಲ್ಲಿ ಕೆಂಪು ಒಣಗಿತ್ತು. ದೊಡ್ಡಪ್ಪ ಮೂಳೆಯನ್ನು ಚೀಪಿ ಸೊರ್ ಎಂದು ಸದ್ದು ಮಾಡಿದರು. ಹರಕೆಯವಳು ಒಂದು ತುಂಡಾದರೂ ತಿನ್ನಬೇಕು ಎಂದು ನನ್ನ ಎಲೆಗೂ ಬಡಿಸಿದರು. ಎಣ್ಣೆಯಲ್ಲಿ ಹೊಳೆಯುವ ಆ ತುಂಡನ್ನು ಅಪ್ಪ ತಾವೇ ನನ್ನ ಬಾಯಿಗಿಟ್ಟರು. ನಾನು ಎಲೆಯ ಮೇಲೆಯೇ ವಾಂತಿ ಮಾಡಿಕೊಂಡೆ.

ಅಪ್ಪ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದರು. ಜ್ವರ ಮತ್ತೆ ಬಂತೆಂದು ಹೆದರಿದ್ದರು. ಅವರ ಕಣ್ಣಲ್ಲಿ ನೀರಿತ್ತು. "ನೀ ಉಳೀಲಿ ಅಂತ ಮಾಡಿದ್ದು ಮಗಾ" ಎಂದರು. ಅವರ ಕೈಯಿಂದಲೂ ಅದೇ ಮಾಂಸದ ವಾಸನೆ. ಅಪ್ಪನ ಮೇಲೆ ನನಗೆ ಎಷ್ಟು ಪ್ರೀತಿಯಿತ್ತೋ ಆ ಕೈ ಕಂಡು ಅಷ್ಟೇ ಹೇಸಿಗೆಯಾಯಿತು. ಎರಡೂ ಒಟ್ಟಿಗೆ ಆಗಬಹುದು, ಮಕ್ಕಳೇ.

ಅಲ್ಲಿಗೂ ಮುಗಿಯಲಿಲ್ಲ. ಚರ್ಮಕ್ಕೆ ಉಪ್ಪು ಸವರಿ, ಬಿದಿರಿನ ಚೌಕಟ್ಟಿಗೆ ಬಿಗಿದು, ನಾವು ಓಡಾಡುತ್ತಿದ್ದ ಅದೇ ಕಣದಲ್ಲಿ ಒಣಗಲಿಟ್ಟರು. ನೊಣ ಮುತ್ತಿದ ಆ ಕಣದ ಕಡೆ ನಾನು ಹೋಗಲಿಲ್ಲ. ಆಮೇಲೆ ಅಪ್ಪ ಅದನ್ನು ಪೇಟೆಗೆ ಒಯ್ದು ಹದ ಮಾಡಿಸಿ, ನನಗೊಂದು ಟೊಪ್ಪಿ ಹೊಲಿಸಿಕೊಂಡು ಬಂದರು. ತಲೆಗೆ ಶೀತ ತಗಲಬಾರದಲ್ಲ! ತುಪ್ಪಳ ಹೊರಗೆ ಕಾಣುವಂಥ ಕಪ್ಪು ಟೊಪ್ಪಿ. ಮುಂದುಗಡೆ, ಸರಿಯಾಗಿ ನನ್ನ ಹಣೆಯ ಮೇಲೆ ಬರುವಂತೆ, ಆ ಬಿಳಿ ಪಟ್ಟೆ.

"ನಿಂಗೆ ಅದ್ರ ಮೇಲೆ ಆಸೆ ಇತ್ತಲ್ಲ, ನಿನ್ನ ಹತ್ರಾನೇ ಇರ್ಲಿ ಅಂತ" ಎಂದರು ಅಪ್ಪ. ನಿಜವಾಗಿಯೂ ಪ್ರೀತಿಯಿಂದಲೇ ಅಂದರು. ಟೊಪ್ಪಿ ಬೆಚ್ಚಗಿತ್ತು. ಬೆಚ್ಚಗಿದ್ದದ್ದೇ ನನಗೆ ಸಹಿಸಲಾಗಲಿಲ್ಲ.

ಮಾರನೆಯ ದಿನ ಒಬ್ಬಳೇ ಗುಡ್ಡ ಹತ್ತಿ, ಟೊಪ್ಪಿಯನ್ನು ಚೌಡಿಯ ಕಲ್ಲಿನ ತಲೆಗೆ ಹಾಕಿ ಬಂದೆ. ಬೇಕು ಅಂದವಳು ಅವಳಂತೆ, ಅವಳೇ ಹಾಕಿಕೊಳ್ಳಲಿ. ಅದನ್ನು ಕಂಡು ತೋಟದ ಆಳುಗಳು ಹೆದರಿ ಓಡಿ ಬಂದರು. ಅಪ್ಪ ಹೋಗಿ ನೋಡಿ ಬಂದರು. ಮುಂದಿನ ವರ್ಷವೂ ಪೂಜೆಗೆ ಹೋತ ಬಂತು. ಆದರೆ ನನ್ನ ಎಲೆಗೆ ಬಡಿಸಲು ಅಪ್ಪ ಯಾರನ್ನೂ ಬಿಡಲಿಲ್ಲ. ಮಾಂಸ ಬಿಟ್ಟೆ. ಮೀನು ಸಾರು ಬಿಡಲಾಗಲಿಲ್ಲ. ಮೀನಿಗೆ ಜೀವ ಇಲ್ವಾ ಎಂದು ಅಕ್ಕ ಕೆಣಕುತ್ತಿದ್ದಳು, ನಾನು ಸಾರಿಗೆ ಅನ್ನ ಕಲಸಿಕೊಳ್ಳುತ್ತಿದ್ದೆ. ಈಗಲೂ ಅಷ್ಟೆ.

ನಿಮ್ಮ ಕಾಲ ಬೇರೆ. ನಿಮ್ಮ ಜಾಕೆಟ್ಟಿನ ತುಪ್ಪಳ ಪ್ಲಾಸ್ಟಿಕ್ಕಿನದು ಎಂದು ನೀವೇ ನನಗೆ ತೋರಿಸಿದಿರಿ. ಮಾಂಸ ಅಂಗಡಿಯಿಂದ ಕವರಿನಲ್ಲಿ ಬರುತ್ತದೆ, ಅದಕ್ಕೆ ಮುಖವೂ ಇಲ್ಲ, ಕಿವಿಯೂ ಇಲ್ಲ. ಟಿವಿಯಲ್ಲಿ ದೊಡ್ಡವರು ಯಾವ ದೇವರ ಹೆಸರು ಹೇಳಿ ಕೊಯ್ದರೆ ಸರಿ, ಒಂದೇ ಏಟಿಗೆ ಕಡಿಯಬೇಕೋ ಕುತ್ತಿಗೆ ಕೊಯ್ಯಬೇಕೋ ಎಂದು ಗಂಟಲು ಹರಿದುಕೊಳ್ಳುತ್ತಾರೆ. ಛೀ, ಆರಿಸು ಅದನ್ನು ಎನ್ನುತ್ತೇನೆ ನಾನು. ಅಲ್ಲಿ ಎಲ್ಲರಲ್ಲೂ ನನಗೆ ದೊಡ್ಡಪ್ಪನೇ ಕಾಣುತ್ತಾರೆ.

ಭಾನುವಾರ ನೀವು ನಾಯಿಗೆ ಸ್ನಾನ ಮಾಡಿಸುವಾಗ ಅಜ್ಜಿ ಯಾಕೆ ಎದ್ದು ಒಳಗೆ ಹೋಗುತ್ತಾಳೆ ಎಂದು ಕೇಳಿದಿರಲ್ಲ, ಇದಕ್ಕೇ. ಗೀಸರಿನ ಬಿಸಿನೀರಿಗೆ ಅದು ಕಣ್ಣು ಮುಚ್ಚಿ ನಿಲ್ಲುತ್ತದೆ. ಆಮೇಲೆ ಗಾಳಿ ಬೀಸಿದರೆ ಮೈ ಕೊಡವುತ್ತದೆ, ನೀವು ನಗುತ್ತ ಹಿಂದೆ ಓಡುತ್ತೀರಿ. ಅದು ಏನನ್ನೂ ಒಪ್ಪಿಕೊಳ್ಳುತ್ತಿಲ್ಲ, ಮಕ್ಕಳೇ. ಅದಕ್ಕೆ ಚಳಿಯಾಗುತ್ತಿದೆ. ಬೇಗ ಟವೆಲ್ ತಂದು ಒರೆಸಿ.