ಸುಣ್ಣದೊಳಗಿನ ನಾಯಿ

ಯಾವ ಊರಿಗೆ ಹೋದರೂ ಫಕೀರಪ್ಪ ಮೊದಲು ತನ್ನ ತಲೆಯ ಪಟಗಾ ಬಿಚ್ಚಿ ಒಗೆಯುತ್ತಿದ್ದ. ಅದು ಹೊಲಸಾಗಿರಲಿ ಬಿಡಲಿ, ಬಾವಿಕಟ್ಟೆಯಲ್ಲೋ ಯಾರದಾದರೂ ಹಿತ್ತಲಲ್ಲೋ ಒಗೆಯುವ ಕಲ್ಲು ಕಂಡರೆ ಸಾಕು, ಮೊಳಗಟ್ಟಲೆ ಅರಿವೆಯನ್ನು ಹರವಿ ನಾಲ್ಕು ಏಟು ಹಾಕಿಯೇ ಬಿಡುವನು. ನೋಡಿದವರು ಬಹಳ ಸ್ವಚ್ಛದ ಮನುಷ್ಯ ಎಂದುಕೊಳ್ಳುತ್ತಿದ್ದರು. ಅವನು ಮಾಡುತ್ತಿದ್ದುದು ಕಲ್ಲಿನ ಪರೀಕ್ಷೆ.

ಸವದತ್ತಿಯ ನಮ್ಮ ವಾಚನಾಲಯದ ಹಿಂದೆ ಉದ್ದನೆಯ ಪಡಸಾಲೆಯೊಂದಿತ್ತು. ಸುತ್ತಲಿನ ಹಳೆಯ ಕಲ್ಲು, ಕತ್ತಿ, ತಾಮ್ರದ ಪಾತ್ರೆಗಳನ್ನು ತಂದಿಡಲು ಊರ ಹಿರಿಯರು ಅದನ್ನು ಬಿಟ್ಟುಕೊಟ್ಟಿದ್ದರು. ಜನ ಅದಕ್ಕೆ ಅಜಬಖಾನೆ ಎನ್ನುತ್ತಿದ್ದರು. ಬಂದ ವಸ್ತುಗಳನ್ನು ದಫ್ತರಿನಲ್ಲಿ ಬರೆದಿಡುವ ಕಾರಕೂನ ನಾನು. ತರುವವನು, ಒರೆಸುವವನು, ಕಾಯುವವನು ಎಲ್ಲ ಫಕೀರಪ್ಪ. ನನಗಾಗ ಮೂವತ್ತು, ಅವನಿಗೆ ಐವತ್ತರ ಮೇಲೆ. ಚಿಂತೆಯಲ್ಲಿ ಮಾತ್ರ ನಾನೇ ಹಿರಿಯ. ಗೂಟದಿಂದ ಕತ್ತಿ ಜಾರಿ ಯಾರದಾದರೂ ಕಾಲ ಮೇಲೆ ಬಿದ್ದರೆ? ಗೆದ್ದಲು ದಫ್ತರ ತಿಂದರೆ? ಗಳಿಗೆಗೊಮ್ಮೆ ಎದ್ದು ಹೋಗಿ ನೋಡಿ ಬರುತ್ತಿದ್ದೆ.

"ಕಾರಕೂನರ, ಕತ್ತಿ ಇನ್ನೂ ಐತ್ರಿ. ಗೂಟಾನೂ ಐತಿ. ನೀವಷ್ಟ ಒಂದ ಕಡೆ ಇರೂದಿಲ್ಲ," ಎನ್ನುತ್ತಿದ್ದ.

ಹಳ್ಳಿಗಳಲ್ಲಿ ಹಳೆಯ ವೀರಗಲ್ಲುಗಳನ್ನು ಜನ ಅರಿವೆ ಒಗೆಯಲು ಹಾಸಿಕೊಂಡಿದ್ದರು. ಫಕೀರಪ್ಪ ಅವನ್ನು ಬಿಟ್ಟಿ ಬೇಡುತ್ತಿರಲಿಲ್ಲ. ಅಷ್ಟೇ ಒಳ್ಳೆಯ ಹೊಸ ಕಲ್ಲು ಕೊಟ್ಟು ಬದಲಿಗೆ ತರುತ್ತಿದ್ದ. ಎಷ್ಟು ಒಳ್ಳೆಯದು ಎಂದು ತಿಳಿಯಬೇಕಾದರೆ ತಾನೇ ಒಗೆದು ನೋಡಬೇಕಲ್ಲ. ಸಿರಸಂಗಿಯ ಗೌರವ್ವ ಎಂಬ ಮುದುಕಿ ಅವನು ಒಯ್ದ ಹೊಸ ಕಲ್ಲಿನ ಮೇಲೆ ಅಂಗೈ ಆಡಿಸಿ ಮೂಗು ಮುರಿದಳು.

"ತಮ್ಮಾ, ನಿನ್ನ ಕಲ್ಲ ಬಾಳ ನುಣ್ಣಗೈತಿ. ನನ್ನ ಕಲ್ಲಿನಾಗ ಕುದರಿ ಅದಾವ, ಮಂದಿ ಅದಾರ. ಅವರ ಮ್ಯಾಲ ತಿಕ್ಕಿದ್ರ ಕೊಳಿ ಲಗೂನ ಬಿಡತೈತಿ."

"ಖರೆ ಐತಬೇ ಯವ್ವಾ," ಎಂದು ಫಕೀರಪ್ಪ ಹೊಸ ಕಲ್ಲನ್ನು ಮತ್ತೆ ಚಕ್ಕಡಿಗೆ ಹೇರಿದ. ಎರಡು ದಿನ ಉಳಿ ಹಿಡಿದು ಕೂತು ಅದರ ಮೈತುಂಬ ಗೆರೆ ಕೊರೆದು ಮರಳಿ ಒಯ್ದ. ಗೌರವ್ವ ಅದರ ಮೇಲೊಂದು ಸೀರೆ ಒಗೆದು, ಬಿಸಿಲಿಗೆ ಹಿಡಿದು ನೋಡಿ, "ಹಾಂ, ಈಗ ಒಯ್ಯಿ," ಎಂದಳು.

ಹಾಗೆ ಬಂದ ಕಲ್ಲೇ ನಮ್ಮ ಹನ್ನೊಂದು ವೀರಗಲ್ಲುಗಳಲ್ಲಿ ಎಲ್ಲಕ್ಕಿಂತ ಚೆಲುವಾದದ್ದು. ಅದರಲ್ಲಿ ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಹೆಂಗಸರು, ತುದಿಗೆ ಲಿಂಗ. ಕಾಳಗದ ಮೂಲೆಯಲ್ಲಿ, ವೀರನ ಕಾಲ ಬಳಿ, ಕೊರಳಿಗೆ ಗೆಜ್ಜೆ ಕಟ್ಟಿದ ಒಂದು ನಾಯಿ. ಎಲ್ಲರೂ ವೈರಿಯ ಕಡೆ ನೋಡುತ್ತಿದ್ದರೆ ನಾಯಿ ಮಾತ್ರ ಒಡೆಯನ ಮುಖ ನೋಡುತ್ತಿತ್ತು.

"ಇದಕ್ಕ ಎಲ್ಲಾ ಗೊತ್ತೈತಿ ನೋಡ್ರಿ," ಎಂದು ಫಕೀರಪ್ಪ ದಿನಾ ಮುಂಜಾನೆ ಅದನ್ನೇ ಮೊದಲು ಒರೆಸುತ್ತಿದ್ದ.

ಆಗ ಪುಣೆಯಿಂದ ಕಾಗದ ಬಂತು. ಹಳೆಯ ಕಲ್ಲುಗಳನ್ನು ಬಲ್ಲ ಸಾಹೇಬರೊಬ್ಬರು ನಾಲ್ಕು ದಿನದಲ್ಲಿ ಬರುತ್ತಾರೆ, ಚೆನ್ನಾಗಿರುವವನ್ನು ಆರಿಸಿ ದೊಡ್ಡ ಊರಿನ ಸಂಗ್ರಹಕ್ಕೆ ಒಯ್ಯುತ್ತಾರೆ ಎಂದು. ಫಕೀರಪ್ಪ ಹೂಲಿಯ ಕಡೆ ಹೋಗಿದ್ದ. ನನಗೆ ಕಲ್ಲು ಹೋಗುತ್ತವೆಂಬ ಚಿಂತೆ ಹೊಳೆಯಲೇ ಇಲ್ಲ. ಪಡಸಾಲೆ ಹೊಲಸಾಗಿದೆ, ಸಾಹೇಬರು ಏನೆಂದಾರು ಎಂಬ ಚಿಂತೆಯೇ ಹತ್ತಿತು. ಸಾಹೇಬರು ಬರುವ ಮುಂಚೆ ಯಾರೇ ಆದರೂ ಮಾಡುವ ಕೆಲಸವನ್ನೇ ಮಾಡಿದೆ. ಸುಣ್ಣ ಹಚ್ಚುವವನನ್ನು ಕರೆಸಿ, "ನಿಂತದ್ದಕ್ಕೆಲ್ಲಾ ಹಚ್ಚಿ ಬಿಡಪಾ," ಎಂದೆ. ಪಾಪ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಸಂಜೆಗೆ ಗೋಡೆಗಳ ಜೊತೆ ಹನ್ನೊಂದು ವೀರಗಲ್ಲುಗಳೂ ಬೆಳ್ಳಗಾಗಿ, ಬುಡಕ್ಕೊಂದು ಕೆಮ್ಮಣ್ಣಿನ ಪಟ್ಟಿ ಉಟ್ಟು ನಿಂತಿದ್ದವು.

ಮರುದಿನ ಬಂದ ಫಕೀರಪ್ಪ ಬಾಗಿಲಲ್ಲೇ ನಿಂತ. ಅಲ್ಲಿಂದಲೇ ಕಲ್ಲುಗಳನ್ನು ಒಂದೊಂದಾಗಿ ಎಣಿಸಿದ.

"ನಿಂತದ್ದಕ್ಕೆಲ್ಲಾ ಹಚ್ಚು ಅಂದ್ರಂತಲ್ಲ," ಎಂದ ಕೊನೆಗೆ. "ನೀವೂ ಇಲ್ಲೇ ನಿಂತಿದ್ದಿರಿ. ನಿಮ್ಮನ್ಯಾಕ ಬಿಟ್ಟ ಅಂವ?"

ಇಬ್ಬರೂ ಹುಣಸೆಹಣ್ಣಿನ ನೀರು, ತೆಂಗಿನ ನಾರು ಹಿಡಿದು ಕೂತೆವು. ಎರಡು ದಿನ ತಿಕ್ಕಿ ತಿಕ್ಕಿ ನನ್ನ ಬೆರಳುಗಳ ಚರ್ಮ ಸುಲಿಯಿತು. ಹತ್ತು ಕಲ್ಲು ತೊಳೆದಾದವು. ಉಳಿದದ್ದು ನಾಯಿಯ ಕಲ್ಲು. ನಾನು ಕೊಡ ಎತ್ತಿದೆ. ಫಕೀರಪ್ಪ ನನ್ನ ಕೈ ಹಿಡಿದ.

"ಅದ ಹಂಗ ಇರಲಿ."

"ಸಾಹೇಬರು ಕೇಳಿದರ?"

"ಎತ್ತ ಕಟ್ಟೂ ಕಲ್ಲ ಅನ್ನೂಣು."

ಸಾಹೇಬರು ಬಂದರು, ಕಣ್ಣಿಗೆ ಕನ್ನಡಕ ಏರಿಸಿ ಐದು ಕಲ್ಲು ಆರಿಸಿದರು. ಹೊರಡುವಾಗ ಮೂಲೆಯ ಬಿಳಿಯ ಕಲ್ಲಿನ ಕಡೆ ಬೆತ್ತ ತೋರಿಸಿ ಏನೋ ಕೇಳಿದರು. ಫಕೀರಪ್ಪ ಕೈಮುಗಿದು, "ಎತ್ತ ಕಟ್ಟತೇವ್ರಿ ಸಾಹೇಬ್ರ," ಎಂದ. ದಫ್ತರಿನಲ್ಲೂ ಹಾಗೇ ಬರೆದು ನಾನು ಸಹಿ ಹಾಕಿದೆ.

ಕಲ್ಲು ಉಳಿಯಿತು, ನನ್ನ ನೆಮ್ಮದಿ ಹೋಯಿತು. ಸುಳ್ಳು ಬರೆದ ಹಾಳೆ ಕಪಾಟಿನಲ್ಲಿ, ಬರೆಸಿದ ಕಲ್ಲು ಕಣ್ಣೆದುರು. ಯಾವ ಅಧಿಕಾರಿಯ ಕುದುರೆ ಊರೊಳಗೆ ಬಂದರೂ ನನ್ನನ್ನು ಹಿಡಿಯಲೆಂದೇ ಬಂದಂತೆ. ವರ್ಷಕ್ಕೊಮ್ಮೆ ನಾನೇ ಬಾಗಿಲಿಕ್ಕಿಕೊಂಡು ಅದಕ್ಕೆ ಸುಣ್ಣ ಹಚ್ಚುತ್ತಿದ್ದೆ. ಫಕೀರಪ್ಪ ಆ ಹೊತ್ತು ಹೊರಗೆ ಹೋಗಿಬಿಡುತ್ತಿದ್ದ.

ಮೊಣಕಾಲು ಸೋತ ಮೇಲೆ ಅವನು ಮಗಳ ಮನೆಗೆಂದು ಉಗರಗೋಳಕ್ಕೆ ಹೋದ. ಒಂದು ಬೇಸಿಗೆಯ ಮುಂಜಾನೆ ಕೋಲೂರಿಕೊಂಡು ಅಲ್ಲಿಂದ ನಡೆದೇ ಬಂದ. ನೀರು ಕುಡಿದು, ಸುಣ್ಣದ ಕಲ್ಲಿನೆದುರು ಕುಕ್ಕರಗಾಲಲ್ಲಿ ಕೂತ.

"ಕಾರಕೂನರ, ಒಮ್ಮಿ ತೊಳೀರಿ. ನಾಯಿ ನೋಡಿ ಹೋಗತೇನಿ. ಆಮ್ಯಾಲ ಬೇಕಾದ್ರ ಮತ್ತ ಹಚ್ಚಿಕೋರಿ."

ಆ ವಾರ ಹೊಸ ಅಧಿಕಾರಿಯೊಬ್ಬರು ಆ ಸೀಮೆಯಲ್ಲಿ ತಿರುಗುತ್ತಿದ್ದರು. ಅವರು ಹೋಗಿಬಿಡಲಿ, ಮುಂದಿನ ತಿಂಗಳು ಖಂಡಿತ ತೊಳೆಯುತ್ತೇನೆ ಎಂದೆ. ಎರಡು ಸಲ ಹೇಳಿದೆ.

"ಆತ ಬಿಡ್ರಿ. ನಿಮಗ ತ್ರಾಸ ಬ್ಯಾಡ," ಎಂದ. ಸಿಟ್ಟಿರಲಿಲ್ಲ. ಎದ್ದು ನಿಲ್ಲಲು ಕೈ ಕೊಡಲು ಹೋದೆ. ಕಲ್ಲನ್ನೇ ಹಿಡಿದು ಎದ್ದ.

ಆಷಾಢದಲ್ಲಿ ಅವನು ತೀರಿಕೊಂಡ ಸುದ್ದಿ ಬಂತು. ಉಗರಗೋಳಕ್ಕೆ ಹೋಗಿ ಮಣ್ಣು ಕೊಟ್ಟು ಬಂದ ಮರುದಿನ ಪಡಸಾಲೆಯ ಬಾಗಿಲು ಪೂರಾ ತೆರೆದಿಟ್ಟು ಕಲ್ಲು ತೊಳೆದೆ. ಸುಣ್ಣ ಪದರು ಪದರಾಗಿ ಎದ್ದು ಬಂತು. ಗೆಜ್ಜೆಯ ಒಂದು ಕಾಳೂ ಹಾಳಾಗಿರಲಿಲ್ಲ. ದಫ್ತರಿನ ಹಾಳೆಯನ್ನೂ ನನ್ನ ಕೈಯಾರೆ ತಿದ್ದಿದೆ, ಕೆಳಗೆ ಸಹಿ ಹಾಕಿದೆ. ಬಟ್ಟೆಬರೆ ಕಟ್ಟಿಟ್ಟುಕೊಂಡು ಬರುವ ವಿಪತ್ತಿಗೆ ಕಾದೆ.

ಇಷ್ಟು ವರ್ಷಗಳಲ್ಲಿ ಮೂವರು ಅಧಿಕಾರಿಗಳು ಬಂದು ಹೋಗಿದ್ದಾರೆ. ಇಬ್ಬರು ಪಡಸಾಲೆಯೊಳಗೆ ಕಾಲಿಡಲಿಲ್ಲ. ಮೂರನೆಯವರು ಆ ಕಲ್ಲಿನ ಮುಂದೆ ನಿಂತರು. "ಎಲ್ಲಿಯದು?" ಎಂದರು. ಸಿರಸಂಗಿಯದು ಎಂದೆ. "ಚೆನ್ನಾಗಿದೆ," ಎಂದರು. ಆಮೇಲೆ, ತಮ್ಮ ರಾಮದುರ್ಗದ ಪ್ರಯಾಣಕ್ಕೆ ಚಕ್ಕಡಿ ಹೂಡಿಸಿದ್ದೀರಾ ಎಂದು ಕೇಳಿದರು.